ಶಸ್ತ್ರಚಿಕಿತ್ಸಾ ಕೊಠಡಿಯ ಗಾಳಿ: ಶುದ್ಧಿಯೂ ಮಿತವ್ಯಯವೂ

ವ್ರಣಿತನನ್ನು ಇರಿಸುವ ಮನೆ ಹೇಗಿರಬೇಕೆಂಬುದನ್ನು ಆಚಾರ್ಯ ಸುಶ್ರುತರು ಸೂತ್ರಸ್ಥಾನದ 19ನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಅದು ಶುಚಿಯಾಗಿರಬೇಕು, ಬಿಸಿಲಿಗೂ ಬೀಸುಗಾಳಿಗೂ ಒಡ್ಡಿಕೊಂಡಿರಬಾರದು, ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಧೂಪವನ್ನು ದಿನಕ್ಕೆರಡು ಬಾರಿ ಹಾಕಬೇಕು. ಗಾಯಕ್ಕೂ ಗಾಳಿಗೂ ಇರುವ ನಂಟನ್ನು ನಮ್ಮ ಶಾಸ್ತ್ರವು ಅಂದೇ ಗಮನಿಸಿತ್ತು. ಆದರೆ ದೇಹವನ್ನು ತೆರೆದು ನಡೆಸುವ ಇಂದಿನ ದೀರ್ಘ ಶಸ್ತ್ರಚಿಕಿತ್ಸೆಗೆ ಧೂಪವೊಂದೇ ಸಾಲದು.

1960ರ ದಶಕದ ಆರಂಭದಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಭೌತವಿಜ್ಞಾನಿ ವಿಲ್ಲಿಸ್ ವಿಟ್‌ಫೀಲ್ಡ್ ಅವರು ಸೂಕ್ಷ್ಮ ಯಂತ್ರಭಾಗಗಳ ತಯಾರಿಕೆಗಾಗಿ ಹೊಸ ಬಗೆಯ ಶುದ್ಧ ಕೊಠಡಿಯೊಂದನ್ನು ರೂಪಿಸಿದರು. ಶೋಧಿಸಿದ ಗಾಳಿಯು ಸುಳಿಯಿಲ್ಲದೆ ಒಂದೇ ದಿಕ್ಕಿಗೆ ಹರಿದು ಧೂಳನ್ನು ಹೊರಗೊಯ್ಯುವುದೇ ಅದರ ಮರ್ಮ. ಅಲ್ಲಿ ಬಳಸುವ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ತಡೆಯುತ್ತದೆ. ಅದೇ ದಶಕದಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಅವರು ಸೊಂಟದ ಕೀಲು ಬದಲಾಯಿಸುವ ಚಿಕಿತ್ಸೆಯಲ್ಲಿ ಶುದ್ಧ ಗಾಳಿಯನ್ನು ಬಳಸಿದರು. ಇತರ ಎಚ್ಚರಿಕೆಗಳೂ ಜೊತೆಗೂಡಿ ಸೋಂಕು ಗಣನೀಯವಾಗಿ ಇಳಿಯಿತು.

ಕೊಠಡಿಯೊಳಗಿನ ಮಾಲಿನ್ಯಕ್ಕೆ ಮುಖ್ಯ ಮೂಲ ಮನುಷ್ಯನೇ. ಉದುರುವ ಚರ್ಮದ ಹೊಟ್ಟಿನ ಮೇಲೇರಿ ರೋಗಾಣುಗಳು ಗಾಳಿಯಲ್ಲಿ ತೇಲುತ್ತವೆ. ಆದ್ದರಿಂದ ಶುದ್ಧ ಗಾಳಿಯು ಮೇಲಿನಿಂದ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಇಳಿದು, ನೆಲದ ಬಳಿಯಿಂದ ಹೊರಹೋಗಬೇಕು. ಒಳಗಿನ ಒತ್ತಡವು ಹೊರಗಿಗಿಂತ ತುಸು ಹೆಚ್ಚಿದ್ದರೆ ಹೊರಗಿನ ಗಾಳಿ ಒಳನುಗ್ಗದು. ಬಾಗಿಲು ಪದೇ ಪದೇ ತೆರೆದರೆ ಈ ಏರ್ಪಾಡು ಕೆಡುತ್ತದೆ.

ಇದಕ್ಕೆಲ್ಲ ವಿದ್ಯುತ್ತು ಅಪಾರವಾಗಿ ಬೇಕು. ದಾಸೋಹದ ಹಣದಿಂದ ನಡೆಯುವ ಆಸ್ಪತ್ರೆಗೆ ಅದು ಭಾರವೇ ಸರಿ. ಹಾಗೆಂದು ರಾತ್ರಿ ಇಡೀ ವ್ಯವಸ್ಥೆಯನ್ನೇ ನಿಲ್ಲಿಸಿದರೆ ಒತ್ತಡ ಇಳಿದು, ಧೂಳೂ ತೇವವೂ ಒಳಸೇರುತ್ತವೆ. ಆ ಉಳಿತಾಯದ ಬೆಲೆಯನ್ನು ಮರುದಿನದ ರೋಗಿ ತೆರಬೇಕಾದೀತು. ರಾಷ್ಟ್ರೀಯ ಮಾನ್ಯತಾ ಮಂಡಳಿಯಾದ ಎನ್‌ಎಬಿಎಚ್‌ನ ಮಾರ್ಗಸೂಚಿಯು ಗಂಟೆಗೆ ಕನಿಷ್ಠ 20 ಬಾರಿ ಗಾಳಿ ಬದಲಾಗಬೇಕೆನ್ನುತ್ತದೆ. ಚಿಕಿತ್ಸೆಯಿಲ್ಲದ ವೇಳೆಯಲ್ಲಿ ತಂಪಿಲ್ಲದಿದ್ದರೂ ಬ್ಲೋವರ್ ಓಡುತ್ತಿರಲೆಂದು ಸೂಚಿಸಿ, ವೇಗ ನಿಯಂತ್ರಕಕ್ಕೆ ಅವಕಾಶ ಕೊಡುತ್ತದೆ.

ಮಿತವ್ಯಯದ ದಾರಿ ಇಲ್ಲಿಯೇ ಇದೆ. ಫ್ಯಾನಿಗೆ ಬೇಕಾದ ಶಕ್ತಿಯು ಅದರ ವೇಗದ ಘನಕ್ಕೆ ಅನುಗುಣವಾದುದು. ವೇಗವನ್ನು ಶೇ. 80ಕ್ಕೆ ಇಳಿಸಿದರೆ ಲೆಕ್ಕದ ಪ್ರಕಾರ ಶಕ್ತಿಯ ಬೇಡಿಕೆ ಸುಮಾರು ಅರ್ಧಕ್ಕೆ, ವೇಗವನ್ನು ಅರ್ಧಕ್ಕೆ ಇಳಿಸಿದರೆ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಒತ್ತಡ ಉಳಿಯುವಷ್ಟು ವೇಗವನ್ನು ರಾತ್ರಿ ಇರಿಸಿ, ಚಿಕಿತ್ಸೆಗೆ ಸಾಕಷ್ಟು ಮುನ್ನ ಪೂರ್ಣ ವೇಗಕ್ಕೆ ತರಬೇಕು. ಫಿಲ್ಟರುಗಳನ್ನು ಸಕಾಲದಲ್ಲಿ ಬದಲಿಸಬೇಕು, ನಾಳಗಳ ಸೋರಿಕೆಯನ್ನು ಮುಚ್ಚಬೇಕು.

ಆಸ್ಪತ್ರೆಗಳ ಆಡಳಿತ ಮಂಡಳಿಯಲ್ಲಿರುವ ಸದ್ಭಕ್ತರು ವಿದ್ಯುತ್ ಬಿಲ್ಲಿನೊಡನೆ ಒತ್ತಡಮಾಪಕದ ದಾಖಲೆಯನ್ನೂ ತರಿಸಿ ನೋಡಲಿ. ಬಿಲ್ಲು ಇಳಿದು ಒತ್ತಡ ಉಳಿದಿದ್ದರೆ ಮಾತ್ರ ಅದು ನಿಜವಾದ ಉಳಿತಾಯ.