ಎಳೆಗರುಗಳ ಭೇದಿಯೂ ನೀರಿನ ನಷ್ಟವೂ

ಹುಟ್ಟಿದ ಮೊದಲ ಮೂರು ವಾರಗಳಲ್ಲಿ ಎಳೆಗರುಗಳನ್ನು ಬಾಧಿಸುವ ರೋಗಗಳಲ್ಲಿ ಭೇದಿಯು ಮುಖ್ಯವಾದುದು. ಬೆಳಗ್ಗೆ ತೆಳುವಾಗಿ ಸೆಗಣಿ ಹಾಕಿದ ಕರುವು ಮರುದಿನ ಮೇಲೇಳಲಾರದೆ ಮಲಗಿ, ಎರಡು ಮೂರು ದಿನಗಳೊಳಗಾಗಿ ಸಾಯುವುದುಂಟು. ಇದನ್ನು ಕಂಡ ರೈತರು ಕರುವಿನ ಆಯುಸ್ಸು ಅಷ್ಟೇ ಎಂದು ಸಮಾಧಾನ ತಂದುಕೊಳ್ಳುವರು. ವಾಸ್ತವವಾಗಿ ಇಂತಹ ಕರುಗಳಲ್ಲಿ ಬಹುಭಾಗವು ಸಾಯುವುದು ರೋಗಾಣುಗಳಿಂದ ನೇರವಾಗಿ ಅಲ್ಲ. ಭೇದಿಯ ಮೂಲಕ ಮೈಯಿಂದ ಹೊರಟುಹೋದ ನೀರು ಮತ್ತು ಲವಣಗಳ ನಷ್ಟದಿಂದ. ಈ ನಷ್ಟವನ್ನು ಸಕಾಲದಲ್ಲಿ ತುಂಬಿಕೊಟ್ಟರೆ ಅನೇಕ ಕರುಗಳು ಉಳಿಯುತ್ತವೆ. ಹೆಣ್ಣುಗರುವೊಂದು ಸತ್ತರೆ ಮನೆಯ ಮುಂದಿನ ಹಸುವೊಂದು ಹೋದಂತೆಯೇ ಆದಕಾರಣ, ಈ ವಿಷಯವನ್ನು ಪ್ರತಿಯೊಬ್ಬ ಗೋಪಾಲಕನೂ ಅರಿತಿರುವುದು ಅವಶ್ಯಕ.

ಮೈಯೊಳಗೆ ನಡೆಯುವುದೇನು?

ಎಳೆಗರುವಿನ ತೂಕದಲ್ಲಿ ನೂರಕ್ಕೆ ೭೦ ಭಾಗಕ್ಕೂ ಹೆಚ್ಚು ನೀರೇ ಇರುತ್ತದೆ. ಭೇದಿಯಾದಾಗ ಈ ನೀರೂ ಅದರೊಡನೆ ಉಪ್ಪು, ಕ್ಷಾರಗಳೂ ಹೊರಬೀಳುತ್ತವೆ. ಕ್ರಮೇಣ ರಕ್ತದಲ್ಲಿಯ ನೀರು ತಗ್ಗಿ, ರಕ್ತವು ಗಟ್ಟಿಯಾಗಿ, ನಾಳಗಳಲ್ಲಿ ಹರಿಯತಕ್ಕ ರಕ್ತದ ಪ್ರಮಾಣವೇ ಕಡಮೆಯಾಗುತ್ತದೆ. ಕೊರತೆಯನ್ನು ಸರಿದೂಗಿಸಲು ಹೃದಯವು ವೇಗವಾಗಿ ಬಡಿಯುತ್ತದೆ. ಕೆರೆಯ ನೀರು ತಗ್ಗಿದಾಗ ಕಾಲುವೆಯ ಕೊನೆಯ ಗದ್ದೆಗಳಿಗೆ ಮೊದಲು ನೀರು ನಿಲ್ಲುವಂತೆ, ಕಿವಿ, ಕಾಲು, ಚರ್ಮಗಳ ನಾಳಗಳು ಸಂಕೋಚಗೊಂಡು, ಉಳಿದ ರಕ್ತವು ಹೃದಯಕ್ಕೂ ಮಿದುಳಿಗೂ ಮೀಸಲಾಗುತ್ತದೆ. ಕರುವಿನ ಕಿವಿ, ಕಾಲುಗಳು ತಣ್ಣಗಾಗುವುದು ಈ ಕಾರಣದಿಂದಲೇ. ಕ್ಷಾರವು ನಷ್ಟವಾದುದರಿಂದ ರಕ್ತದಲ್ಲಿ ಆಮ್ಲಾಂಶವೇರಿ ಕರುವು ಮಂಕಾಗುತ್ತದೆ. ಕೊನೆಗೆ ಮೂತ್ರಪಿಂಡವೇ ಮೊದಲಾದ ಅಂಗಗಳಿಗೆ ರಕ್ತವು ಸಾಲದೆ ಅವು ಕೆಲಸ ನಿಲ್ಲಿಸುತ್ತವೆ. ಈ ಸ್ಥಿತಿಯನ್ನು ವೈದ್ಯರು ಷಾಕ್ ಎಂದು ಕರೆಯುವರು. ಗಾಯದಿಂದ ರಕ್ತವು ಸುರಿದುಹೋದಾಗ ಒದಗುವುದೂ ಇದೇ ಸ್ಥಿತಿ. ಭೇದಿಯಲ್ಲಿ ನಷ್ಟವು ಕಣ್ಣಿಗೆ ಕೆಂಪಾಗಿ ಕಾಣದಿರುವುದರಿಂದ ಉಪೇಕ್ಷೆಯಾಗುತ್ತದೆ, ಅಷ್ಟೇ ವ್ಯತ್ಯಾಸ.

ಗುರುತಿಸುವ ಬಗೆ

ತೂಕದ ನೂರಕ್ಕೆ ೫ ಭಾಗದಷ್ಟು ನೀರು ಹೋಗುವವರೆಗೆ ಹೊರಗೆ ಚಿಹ್ನೆಗಳು ಹೆಚ್ಚಾಗಿ ಕಾಣುವುದಿಲ್ಲ. ನಷ್ಟವು ೬ ರಿಂದ ೮ ಭಾಗಕ್ಕೆ ಬಂದಾಗ ಕಣ್ಣುಗುಡ್ಡೆಗಳು ಸ್ವಲ್ಪ ಒಳಸೇರುತ್ತವೆ. ಕತ್ತಿನ ಚರ್ಮವನ್ನು ಚಿವುಟಿ ಬಿಟ್ಟರೆ ಅದು ತಟಕ್ಕನೆ ಸಮನಾಗದೆ ಕೆಲವು ಸೆಕೆಂಡುಗಳ ಕಾಲ ಮಡಿಕೆಯಾಗಿಯೇ ನಿಲ್ಲುತ್ತದೆ. ಕರುವು ನಿಂತಿದ್ದರೂ ಮಂಕಾಗಿರುತ್ತದೆ. ೧೦ ಭಾಗವನ್ನು ಮೀರಿದರೆ ಕಣ್ಣುಗಳು ಗುಳಿಬಿದ್ದು, ಒಸಡು ಒಣಗಿ, ಕರುವು ಮಲಗಿಬಿಡುತ್ತದೆ. ಬಾಯೊಳಗೆ ಬೆರಳಿಟ್ಟರೆ ಚೀಪುವುದಿಲ್ಲ. ಬಾಯಿಯೂ ಕಾಲುಗಳೂ ತಣ್ಣಗಿರುತ್ತವೆ. ಮೈಯ ಶಾಖವು ೧೦೦ ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಳಿದರೆ ಅಪಾಯವು ಸಮೀಪಿಸಿತೆಂದು ತಿಳಿಯತಕ್ಕದ್ದು.

ಕರುವು ಚೀಪುತ್ತಿರುವಾಗ ಮಾಡತಕ್ಕದ್ದು

೩೦ ಕಿಲೋಗ್ರಾಂ ತೂಕದ ಕರುವಿಗೆ ನೂರಕ್ಕೆ ೮ ಭಾಗ ನಷ್ಟವೆಂದರೆ ಸುಮಾರು ೨.೪ ಲೀಟರು ನೀರು. ಇದಲ್ಲದೆ ಭೇದಿಯು ನಿಲ್ಲುವವರೆಗೆ ನಷ್ಟವು ಮುಂದುವರಿಯುತ್ತಲೇ ಇರುವುದು. ಆದುದರಿಂದ ಒಂದು ಬಟ್ಟಲು ನೀರು ಕುಡಿಸಿ ಸುಮ್ಮನಾಗುವುದು ಸಾಲದು. ಲವಣ ಮತ್ತು ಗ್ಲೂಕೋಸು ಸೇರಿದ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿರುವಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಉಗುರುಬೆಚ್ಚಗೆ, ದಿನಕ್ಕೆ ಮೂರು ನಾಲ್ಕು ಸಲ, ಒಂದೊಂದು ಸಲಕ್ಕೆ ಒಂದರಿಂದ ಒಂದೂವರೆ ಲೀಟರಿನಂತೆ ತೊಟ್ಟಿನ ಬಾಟಲಿಯಿಂದ ಕುಡಿಸಬೇಕು. ಕರುಗಳಿಗೆಂದೇ ತಯಾರಿಸಿದ ಪುಡಿ ದೊರೆತರೆ ಇನ್ನೂ ಒಳ್ಳೆಯದು.

ಮಕ್ಕಳಿಗೆ ಮಾಡುವಂತೆ ಸಕ್ಕರೆ ಅಥವಾ ಬೆಲ್ಲದ ನೀರನ್ನು ಕರುವಿಗೆ ಕೊಡಕೂಡದು. ಎಳೆಗರುವಿನ ಕರುಳಿಗೆ ಸಕ್ಕರೆಯನ್ನು ಜೀರ್ಣಿಸುವ ಶಕ್ತಿಯಿಲ್ಲ. ಅದರಿಂದ ಭೇದಿಯು ಹೆಚ್ಚುವ ಸಂಭವವುಂಟು. ಗ್ಲೂಕೋಸಾದರೋ ನೇರವಾಗಿ ಹೀರಲ್ಪಟ್ಟು, ತನ್ನೊಡನೆ ಉಪ್ಪನ್ನೂ ನೀರನ್ನೂ ಒಳಕ್ಕೆ ಸೆಳೆದುಕೊಳ್ಳುತ್ತದೆ.

ತಾಯಿಯ ಹಾಲನ್ನು ನಿಲ್ಲಿಸಬಾರದು. ನಿಲ್ಲಿಸಿದರೆ ಕರುವು ಹಸಿವಿನಿಂದ ಇನ್ನಷ್ಟು ಸೊರಗುತ್ತದೆ. ಆದರೆ ಔಷಧದ ನೀರನ್ನು ಹಾಲಿನಲ್ಲಿ ಬೆರೆಸದೆ, ಎರಡರ ನಡುವೆ ಕೆಲವು ಗಂಟೆಗಳ ಅಂತರವಿರಿಸಬೇಕು. ಬೆರೆಸಿದರೆ ಹೊಟ್ಟೆಯಲ್ಲಿ ಹಾಲು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಕರುವು ಮಲಗಿಬಿಟ್ಟಾಗ

ಚೀಪಲಾರದ, ತಲೆಯೆತ್ತಲಾರದ ಕರುವಿಗೆ ಗೊಟ್ಟದಿಂದ ಏನನ್ನೂ ಹೊಯ್ಯಕೂಡದು. ನೀರು ಶ್ವಾಸಕೋಶಕ್ಕಿಳಿದು ಕರುವು ಸಾಯುವುದು. ರಕ್ತದ ಓಟವೇ ಕುಗ್ಗಿರುವಾಗ ಕರುಳು ನೀರನ್ನು ಹೀರುವುದೂ ಸಂದೇಹ. ಇಂತಹ ಕರುವನ್ನು ಒಣಹುಲ್ಲಿನ ಮೇಲೆ ಎದೆಯ ಮೇಲೆ ಕೂರುವಂತೆ ಮಲಗಿಸಿ, ಗೋಣಿತಾಟು ಹೊದಿಸಿ ಬೆಚ್ಚಗಿರಿಸಿ, ತತ್‌ಕ್ಷಣವೇ ಪಶುವೈದ್ಯರನ್ನು ಕರೆಸತಕ್ಕದ್ದು. ಅವರು ರಕ್ತನಾಳದೊಳಕ್ಕೆ ಲವಣದ ದ್ರವವನ್ನು ಹರಿಯಿಸಿ ಜೀವವುಳಿಸಬಲ್ಲರು. ಎಲ್ಲ ಭೇದಿಗೂ ಒಂದೇ ಔಷಧವೆಂದು ಅಂಗಡಿಯಿಂದ ಆಂಟಿಬಯಾಟಿಕ್ ಗುಳಿಗೆಗಳನ್ನು ತಂದು ಹಾಕುವುದು ಸರಿಯಲ್ಲ. ವೈರಸ್ಸಿನ ಭೇದಿಗೆ ಅವು ತಗಲುವುದಿಲ್ಲ.

ಈ ಚಿಕಿತ್ಸೆಯ ಪೂರ್ವೋತ್ತರ

ಈ ತತ್ತ್ವವು ಮನುಷ್ಯರ ಕಾಲರಾ ರೋಗದಿಂದ ತಿಳಿದುಬಂದುದು. ೧೮೩೨ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ವೈದ್ಯ ಥಾಮಸ್ ಲಾಟಾ ಎಂಬವರು ಸಾಯುವ ಸ್ಥಿತಿಯಲ್ಲಿದ್ದ ಕಾಲರಾ ರೋಗಿಗಳ ನಾಳಗಳಿಗೆ ಉಪ್ಪುನೀರನ್ನು ಹರಿಯಿಸಿದರು. ೧೯೭೧ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಅಂತಹ ದ್ರವವು ಮುಗಿಯುತ್ತ ಬಂದಾಗ, ಡಾಕ್ಟರ್ ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಗ್ಲೂಕೋಸುಗಳ ನೀರನ್ನು ಬಾಯಿಂದಲೇ ಕುಡಿಸಿದರು. ನೂರಕ್ಕೆ ೩೦ರಷ್ಟಿದ್ದ ಸಾವು ೪ಕ್ಕಿಂತ ಕೆಳಗಿಳಿಯಿತು. ಆ ನೀರನ್ನು ಕುಡಿಸಿದವರಲ್ಲಿ ಅನೇಕರು ರೋಗಿಗಳ ಮನೆಯವರೇ ಆಗಿದ್ದರು. ಕೊಟ್ಟಿಗೆಯಲ್ಲಿಯೂ ಮನೆಯವರ ಕೈಯೇ ಮೊದಲ ವೈದ್ಯ.

ಮುಂಜಾಗ್ರತೆ

ಕರು ಹುಟ್ಟಿದ ಎರಡು ಗಂಟೆಗಳೊಳಗೆ ಗಿಣ್ಣುಹಾಲನ್ನು ಕುಡಿಸಲಾರಂಭಿಸಿ, ಮೊದಲ ೧೨ ಗಂಟೆಗಳಲ್ಲಿ ಅದರ ತೂಕದ ಹತ್ತನೆಯ ಒಂದು ಪಾಲಿನಷ್ಟು ಒಳಸೇರುವಂತೆ ನೋಡಿಕೊಳ್ಳಬೇಕು. ಒಂದು ದಿನ ಕಳೆದ ಬಳಿಕ ಅದರಲ್ಲಿಯ ರೋಗನಿರೋಧಕ ಸತ್ತ್ವವನ್ನು ಕರುಳು ಹೀರಲಾರದು. ಕರುವಿರುವ ಜಾಗವು ಒಣಗಿರಬೇಕು. ಪಾತ್ರೆ, ಬಾಟಲಿಗಳನ್ನು ಬಿಸಿನೀರಿನಿಂದ ತೊಳೆಯಬೇಕು. ಭೇದಿಯಾದ ಕರುವನ್ನು ಬೇರೆ ಕಟ್ಟಬೇಕು.

ಪ್ರತಿ ಕೊಟ್ಟಿಗೆಯಲ್ಲಿಯೂ ನಾಲ್ಕಾರು ಓಆರ್‌ಎಸ್ ಪೊಟ್ಟಣಗಳು ಸಿದ್ಧವಾಗಿರಲಿ. ಸೆಗಣಿ ತೆಳುವಾದ ದಿನವೇ ಅವನ್ನು ಬಿಚ್ಚತಕ್ಕದ್ದು, ಕರು ಮಲಗಿದ ದಿನವಲ್ಲ.