ಕಾಲವನ್ನು ಹಿಂದಿರುಗಿಸುವ ಕಠಾರಿ

ಆಡಿದ ಮಾತು, ಕಳೆದ ಹೊತ್ತು ಮರಳಿ ಬಾರವೆಂಬುದು ಹಿರಿಯರ ಅನುಭವ. ಒಂದು ವೇಳೆ ಕಳೆದ ಕ್ಷಣವು ಮರಳಿ ಕೈಗೆ ದೊರೆತರೆ ಮಾನವನು ಅದನ್ನು ಹೇಗೆ ಬಳಸಿಯಾನು? ಈ ಪ್ರಶ್ನೆಯನ್ನೇ ಆಟವಾಗಿಸಿದ ವಿಡಿಯೋ ಗೇಮ್ ಒಂದುಂಟು. ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಎಂಬ ಈ ಆಟವು ಯೂಬಿಸಾಫ್ಟ್ ಸಂಸ್ಥೆಯ ಮಾಂಟ್ರಿಯಲ್ ಶಾಖೆಯಲ್ಲಿ ಸಿದ್ಧವಾಗಿ 2003ರಲ್ಲಿ ಹೊರಬಂದಿತು.

ಇದರ ಮೂಲವು 1989ರದು. ಅಮೆರಿಕೆಯ ಜೋರ್ಡನ್ ಮೆಕ್ನರ್ ಅವರು ಆಪಲ್ ಟೂ ಕಂಪ್ಯೂಟರಿಗಾಗಿ ಮೊದಲ ‘ಪ್ರಿನ್ಸ್ ಆಫ್ ಪರ್ಷಿಯಾ’ವನ್ನು ರಚಿಸಿದರು. ತಮ್ಮ ಸಹೋದರನ ಓಟ, ಜಿಗಿತಗಳನ್ನು ವಿಡಿಯೋದಲ್ಲಿ ಸೆರೆಹಿಡಿದು, ಅವುಗಳನ್ನು ನೋಡಿ ನೋಡಿ ರಾಜಕುಮಾರನ ಚಲನೆಯನ್ನು ರೂಪಿಸಿದರು. ರಾಜಕುಮಾರಿಯನ್ನು ಬಿಡಿಸಲು ಅಲ್ಲಿ 60 ನಿಮಿಷಗಳ ಗಡುವು, ಕಾಲವೇ ಯಜಮಾನ. 2003ರ ಆಟಕ್ಕೂ ಕಥೆ ಬರೆದ ಮೆಕ್ನರ್, ಈ ಸಲ ಕಾಲವನ್ನು ಆಟಗಾರನ ಕೈಗಿತ್ತರು.

ಭಾರತದ ಮಹಾರಾಜನೊಬ್ಬನ ಮಂತ್ರಿಯು ದ್ರೋಹ ಬಗೆದುದರಿಂದ ಪರ್ಷಿಯಾದ ಸೇನೆ ಅವನ ಅರಮನೆಯನ್ನು ಗೆಲ್ಲುತ್ತದೆ. ತಂದೆಯ ಮೆಚ್ಚುಗೆಗಾಗಿ ಹಂಬಲಿಸುವ ರಾಜಕುಮಾರನು ಅಲ್ಲಿಂದ ವಿಚಿತ್ರ ಕಠಾರಿಯೊಂದನ್ನು ಅಪಹರಿಸುತ್ತಾನೆ. ಮುಂದೆ ಅದೇ ಮಂತ್ರಿಯ ಮಾತಿಗೆ ಮರುಳಾಗಿ ಅವನು ಮರಳ ಗಡಿಯಾರವನ್ನು ತೆರೆದೊಡನೆ, ತಂದೆ ಸಹಿತ ಎಲ್ಲರೂ ಮರಳಿನ ಪಿಶಾಚಿಗಳಾಗುತ್ತಾರೆ. ಉಳಿದವರು ರಾಜಕುಮಾರ, ಮಂತ್ರಿ ಮತ್ತು ಮಹಾರಾಜನ ಮಗಳು ಫರಾ ಮಾತ್ರ.

ಆಟಗಾರನು ಗೋಡೆಗಳ ಮೇಲೆ ಓಡಬೇಕು, ತೊಲೆಯಿಂದ ತೊಲೆಗೆ ಜಿಗಿಯಬೇಕು, ಕನ್ನಡಿಗಳನ್ನು ತಿರುಗಿಸಿ ಬೆಳಕಿನ ಕಿರಣವನ್ನು ಗುರಿ ಮುಟ್ಟಿಸಬೇಕು. ಹೆಜ್ಜೆ ತಪ್ಪಿ ಬಿದ್ದರೆ ಕಠಾರಿಯ ಬಲದಿಂದ ಕೆಲವು ಕ್ಷಣಗಳನ್ನು ಹಿಂದಕ್ಕೆ ಸರಿಸಬಹುದು. ಆದರೆ ಅದರೊಳಗಿನ ಮರಳು ಮಿತವಾದುದು. ಮುಗಿದರೆ ಬಿದ್ದವನು ಬಿದ್ದಂತೆಯೇ. ಆದುದರಿಂದ ದೊರೆತ ಅವಕಾಶವನ್ನು ಜೋಪಾನ ಮಾಡುವ ಬುದ್ಧಿಯು ತಾನಾಗಿ ಬೆಳೆಯುತ್ತದೆ. ರಾಜಕುಮಾರನು ನುಗ್ಗಲಾರದ ಬಿರುಕುಗಳಲ್ಲಿ ಫರಾ ನುಸುಳಿ ದಾರಿ ತೆರೆಯುತ್ತಾಳೆ. ಅವಳು ಮಡಿದರೆ ಆಟವೂ ಮುಗಿದಂತೆ. ಒಬ್ಬನ ಸಾಹಸವೊಂದೇ ಇಲ್ಲಿ ಸಾಲದು.

ಕೊನೆಯಲ್ಲಿ ಕಾಲವು ಹಿಂದಕ್ಕೆ ಸರಿದು, ಕೇಡು ಸಂಭವಿಸುವ ಮುನ್ನಿನ ಹೊತ್ತು ಮರಳುತ್ತದೆ. ರಾಜಕುಮಾರನು ಮಂತ್ರಿಯನ್ನು ಕೊಂದು, ಕಠಾರಿಯನ್ನು ಫರಾಳಿಗೆ ಒಪ್ಪಿಸುತ್ತಾನೆ. ಆದರೆ ಜೊತೆಯಲ್ಲಿ ಹೋರಾಡಿದ ಅವಳಿಗೆ ಅದಾವುದೂ ನೆನಪಿಲ್ಲ. ಅವನು ಅವಳ ಪಾಲಿಗೆ ಅಪರಿಚಿತ. ಎಲ್ಲರೂ ಉಳಿದರು, ಉಳಿಸಿದವನ ಶ್ರಮವನ್ನು ಅರಿತವರಿಲ್ಲ. ಕೀರ್ತಿಗಾಗಿ ಕಠಾರಿಯನ್ನು ಕದ್ದವನು ಕೀರ್ತಿಯನ್ನೇ ತೊರೆದು ಅದನ್ನು ಹಿಂದಿರುಗಿಸುವನೆಂಬುದೇ ಈ ಕಥೆಯ ತಿರುಳು.

ಕತ್ತಿಕಾಳಗವಿರುವ ಕಾರಣ ಅಮೆರಿಕೆಯಲ್ಲಿ ಇದನ್ನು 13 ವರ್ಷ ತುಂಬಿದವರಿಗೆಂದು ವರ್ಗೀಕರಿಸಲಾಗಿದೆ. ಮನೆಯ ಮಕ್ಕಳು ಇಂತಹ ಆಟದಲ್ಲಿ ತೊಡಗಿದಾಗ ತಂದೆತಾಯಂದಿರು ದೂರದಿಂದ ಗದರುವುದಕ್ಕಿಂತ ಪಕ್ಕದಲ್ಲಿ ಕುಳಿತು ಕಥೆಯನ್ನು ಕೇಳುವುದು ಲೇಸು. ಪರದೆಯ ಮೇಲಿನ ಹೊತ್ತನ್ನು ಕಠಾರಿ ಮರಳಿಸೀತು. ಮಕ್ಕಳ ಬಾಲ್ಯವನ್ನು ಮರಳಿಸುವ ಕಠಾರಿ ಯಾವ ಅರಮನೆಯಲ್ಲಿಯೂ ಇಲ್ಲ.