ಟಿಟ್ವಾಳಾದಿಂದ ವಾಶಿಯವರೆಗೆ: ತಂಗುವ ಕೋಣೆಯ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ಟಿಟ್ವಾಳಾ ಥಾಣೆ ಜಿಲ್ಲೆಯ ಕಲ್ಯಾಣ್ ತಾಲ್ಲೂಕಿನ ಊರು. ಮಧ್ಯ ರೈಲ್ವೆಯ ಕಸಾರಾ ಮಾರ್ಗದಲ್ಲಿ ಕಲ್ಯಾಣ್ ಬಿಟ್ಟರೆ ಶಹಾಡ್, ಆಂಬಿವಲಿ, ಅದರ ಮುಂದಿನ ನಿಲ್ದಾಣವೇ ಟಿಟ್ವಾಳಾ. ಮುಂಬಯಿಯ ಸಿಎಸ್‌ಎಂಟಿಯಿಂದ ಸುಮಾರು 64 ಕಿ.ಮೀ. ದೂರ. ಕಣ್ವ ಮುನಿಯ ಆಶ್ರಮವಿದ್ದದ್ದು ಇಲ್ಲಿಯೇ, ಗಣಪತಿಯನ್ನು ಪೂಜಿಸಿದವಳು ಶಕುಂತಲೆ ಎಂಬುದು ಸ್ಥಳಪುರಾಣ. ಇಂದಿನ ಸಿದ್ಧಿವಿನಾಯಕ ಮಹಾಗಣಪತಿ ದೇವಸ್ಥಾನದ ಇತಿಹಾಸ ಮೊದಲನೆಯ ಮಾಧವರಾವ್ ಪೇಶ್ವೆಯ ಕಾಲಕ್ಕೆ, ಅಂದರೆ 1761ರಿಂದ 1772ರ ಅವಧಿಗೆ, ಹೋಗುತ್ತದೆ. ಆಡಳಿತದ ಲೆಕ್ಕದಲ್ಲಿ ಊರು ಕಲ್ಯಾಣ್–ಡೊಂಬಿವಲಿ ಮಹಾನಗರಪಾಲಿಕೆಗೆ ಸೇರಿದೆ.

ಟಿಟ್ವಾಳಾ, ಕಲ್ಯಾಣ್, ಡೊಂಬಿವಲಿ, ಥಾಣೆ, ನವಿ ಮುಂಬಯಿ ಸೇರಿದ ಈ ಪ್ರದೇಶಕ್ಕೆ ಕರ್ನಾಟಕದಿಂದ ಬರುವವರ ಕಾರಣಗಳು ಹಲವು: ದೇವರ ದರ್ಶನ, ನೆಂಟರ ಮದುವೆ, ನೌಕರಿಯ ಸಂದರ್ಶನ, ಖಾರ್‌ಘರ್‌ನ ಟಾಟಾ ಕ್ಯಾನ್ಸರ್ ಕೇಂದ್ರದಲ್ಲಿ ಚಿಕಿತ್ಸೆ, ನೆರೂಲ್‌ನಲ್ಲಿ ಕ್ರಿಕೆಟ್. ಇವರೆಲ್ಲರಿಗೂ ಒಂದೇ ಬಗೆಯ ಕೋಣೆ ಒದಗುವುದಿಲ್ಲ. ಕೋಣೆ ಆರಿಸುವಾಗ ಎಡವಿಸುವ ನಂಬಿಕೆಗಳು ಮಾತ್ರ ಹೆಚ್ಚುಕಡಿಮೆ ಒಂದೇ.

ತಪ್ಪು ಕಲ್ಪನೆ 1: ಟಿಟ್ವಾಳಾ ಗಣಪತಿಯ ದರ್ಶನಕ್ಕೆ ಟಿಟ್ವಾಳಾದಲ್ಲೇ ತಂಗಬೇಕು

ಸತ್ಯ: ಸಾಮಾನ್ಯ ದಿನಗಳಲ್ಲಿ ಅದರ ಅಗತ್ಯವಿಲ್ಲ. ಮುಂಬಯಿ ಕಡೆಯಿಂದ ಟಿಟ್ವಾಳಾಕ್ಕೆ ನೇರ ಲೋಕಲ್ ರೈಲುಗಳಿವೆ. ನಿಲ್ದಾಣದಿಂದ ದೇವಸ್ಥಾನಕ್ಕೆ ರಿಕ್ಷಾ ಸಿಗುತ್ತದೆ. ಕಲ್ಯಾಣ್‌ನಲ್ಲಿ ತಂಗಿದವರು ಬೆಳಿಗ್ಗೆ ಹೊರಟು ದರ್ಶನ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮರಳಬಹುದು. ಟಿಟ್ವಾಳಾದಲ್ಲಿ ಇರುವುದು ಸಣ್ಣ ಲಾಡ್ಜುಗಳು ಮತ್ತು ಊರ ಹೊರಗಿನ ರಿಸಾರ್ಟುಗಳು. ದೊಡ್ಡ ಜಂಕ್ಷನ್ ಆದ ಕಲ್ಯಾಣ್‌ನಲ್ಲಿ ಕೋಣೆಗಳ ಆಯ್ಕೆಯೂ ಹೆಚ್ಚು, ರಾತ್ರಿ ಊಟ ಸಿಗುವ ಜಾಗಗಳೂ ಹೆಚ್ಚು.

ಇದಕ್ಕೆ ಅಪವಾದ ಎರಡು. ಸಂಕಷ್ಟ ಚತುರ್ಥಿ ಮಂಗಳವಾರ ಬಿದ್ದರೆ ಅದು ಅಂಗಾರಕಿ. ಅಂದು ನಸುಕಿನಿಂದಲೇ ಸಾಲು ಬೆಳೆಯುತ್ತದೆ. ಆ ಸಾಲಿನಲ್ಲಿ ಮುಂದಿರಬೇಕೆನ್ನುವವರಿಗೆ, ಲೋಕಲ್ ಗದ್ದಲ ತಾಳಲಾರದ ಹಿರಿಯರನ್ನು ಕರೆತಂದವರಿಗೆ ಹಿಂದಿನ ರಾತ್ರಿ ಊರಲ್ಲೇ ಉಳಿಯುವುದು ಅನುಕೂಲ. ಆದರೆ ಅದೇ ದಿನ ಕೋಣೆಗೆ ಬೇಡಿಕೆಯೂ ಹೆಚ್ಚಾದ್ದರಿಂದ ಮೊದಲೇ ಕಾಯ್ದಿರಿಸಬೇಕು.

ತಪ್ಪು ಕಲ್ಪನೆ 2: ನಕಾಶೆಯಲ್ಲಿ ಹತ್ತಿರ ಕಂಡರೆ ಓಡಾಟವೂ ಸುಲಭ

ಸತ್ಯ: ಇಲ್ಲಿ ದೂರವನ್ನು ಅಳೆಯಬೇಕಾದದ್ದು ರೈಲು ಹಳಿಯಿಂದ. ಡೊಂಬಿವಲಿಯೂ ನವಿ ಮುಂಬಯಿಯೂ ನಕಾಶೆಯಲ್ಲಿ ಮಗ್ಗುಲ ಊರುಗಳಂತೆ ಕಾಣುತ್ತವೆ. ನಡುವೆ ಪಾರ್ಸಿಕ್ ಗುಡ್ಡದ ಸಾಲಿದೆ. ರೈಲಿನಲ್ಲಿ ಹೋಗುವವರು ಥಾಣೆಗೆ ಬಂದು, ಅಲ್ಲಿ ಇಳಿದು, ವಾಶಿ ಅಥವಾ ಪನ್‌ವೇಲ್ ಕಡೆಯ ಟ್ರಾನ್ಸ್‌ಹಾರ್ಬರ್ ಲೋಕಲ್ ಹತ್ತಬೇಕು. ರಸ್ತೆಯಲ್ಲಿ ಹೋಗುವವರು ಶಿಳ್‌ಫಾಟಾದ ವಾಹನ ದಟ್ಟಣೆಗೆ ತಯಾರಿರಬೇಕು. ಥಾಣೆಯ ಘೋಡ್‌ಬಂದರ್ ರಸ್ತೆಯ ಹೋಟೆಲುಗಳ ಕಥೆಯೂ ಹೀಗೆಯೇ: ವಿಳಾಸದಲ್ಲಿ ಥಾಣೆ ಎಂದಿದ್ದರೂ ರೈಲು ನಿಲ್ದಾಣದಿಂದ ಅವು ದೂರ, ಸಂಜೆಯ ಹೊತ್ತು ಆ ದೂರ ಇಮ್ಮಡಿಯಾಗುತ್ತದೆ.

ಬರುವ ರೈಲು ಯಾವುದು ಎಂಬುದೂ ಇಲ್ಲಿ ಮುಖ್ಯ. ಕಲಬುರಗಿ, ಸೊಲ್ಲಾಪುರ, ಪುಣೆ ಮಾರ್ಗವಾಗಿ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣ್‌ನಲ್ಲಿ ನಿಲ್ಲುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಕೊಂಕಣ ಮಾರ್ಗವಾಗಿ ಬರುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಕಲ್ಯಾಣ್ ಮುಟ್ಟುವುದೇ ಇಲ್ಲ. ಪನ್‌ವೇಲ್, ಥಾಣೆ ದಾಟಿ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಹೋಗುತ್ತದೆ. ಆದ್ದರಿಂದ ಕಲಬುರಗಿಯವರಿಗೆ ಕಲ್ಯಾಣ್ ಎಷ್ಟು ಸಲೀಸೋ ಕರಾವಳಿಯವರಿಗೆ ಥಾಣೆ ಅಥವಾ ನವಿ ಮುಂಬಯಿ ಅಷ್ಟು ಸಲೀಸು.

ತಪ್ಪು ಕಲ್ಪನೆ 3: ಮುಂಬಯಿಯಿಂದ ದೂರ ಹೋದಷ್ಟೂ ಖರ್ಚು ಕಡಿಮೆ

ಸತ್ಯ: ಬಾಡಿಗೆ ಇಳಿಯಬಹುದು, ಒಟ್ಟು ಖರ್ಚು ಇಳಿಯುತ್ತದೆಂಬ ಖಾತರಿ ಇಲ್ಲ. ಲೋಕಲ್‌ನ ಎರಡನೇ ದರ್ಜೆಯಲ್ಲಿ ಓಡಾಡುವ ಒಂಟಿ ಪ್ರಯಾಣಿಕನಿಗೆ ಕಲ್ಯಾಣ್‌ನ ಅಗ್ಗದ ಲಾಡ್ಜ್ ನಿಜಕ್ಕೂ ಲಾಭ. ಮಕ್ಕಳು, ಮುದುಕರು, ನಾಲ್ಕಾರು ಚೀಲಗಳಿರುವ ಕುಟುಂಬ ಪ್ರತಿದಿನ ಟ್ಯಾಕ್ಸಿ ಹಿಡಿದರೆ ಬಾಡಿಗೆಯಲ್ಲಿ ಉಳಿದ ಹಣ ರಸ್ತೆಯಲ್ಲೇ ಕರಗುತ್ತದೆ.

ಹೊತ್ತಿನ ಲೆಕ್ಕವೂ ಇದೆ. ಮಧ್ಯರಾತ್ರಿ ಕಳೆದ ಮೇಲೆ ಕೆಲವು ಗಂಟೆ ಲೋಕಲ್ ಇರುವುದಿಲ್ಲ. ಕಲ್ಯಾಣ್‌ನವರೆಗೆ ಓಡುವಷ್ಟು ರೈಲುಗಳು ಟಿಟ್ವಾಳಾದವರೆಗೆ ಓಡುವುದಿಲ್ಲ. ಭಾನುವಾರಗಳಲ್ಲಿ ಹಳಿ ದುರಸ್ತಿಗಾಗಿ ಮೆಗಾಬ್ಲಾಕ್ ಘೋಷಣೆಯಾದರೆ ಹಗಲಿನ ಸಂಚಾರ ಏರುಪೇರಾಗುತ್ತದೆ. ಭಾನುವಾರದ ಮದುವೆಯ ಮುಹೂರ್ತಕ್ಕೆ ನವಿ ಮುಂಬಯಿಯ ಜುಯಿನಗರದ ಬಂಟ್ಸ್ ಸೆಂಟರ್ ತಲುಪಬೇಕಾದವರು ಟಿಟ್ವಾಳಾದಲ್ಲಿ ಅಗ್ಗದ ಕೋಣೆ ಹಿಡಿಯುವುದಕ್ಕಿಂತ ನೆರೂಲ್ ಅಥವಾ ವಾಶಿಯಲ್ಲಿ ತಂಗುವುದು ಜಾಣತನ.

ತಪ್ಪು ಕಲ್ಪನೆ 4: ಆ್ಯಪ್‌ನಲ್ಲಿ ಕಾಣುವ ನಕ್ಷತ್ರಗಳು ಸರ್ಕಾರ ಕೊಟ್ಟವು

ಸತ್ಯ: ಭಾರತದಲ್ಲಿ ಹೋಟೆಲುಗಳಿಗೆ ಅಧಿಕೃತವಾಗಿ ನಕ್ಷತ್ರ ನೀಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣ ಸಮಿತಿ. ಒಂದು ನಕ್ಷತ್ರದಿಂದ ಪಂಚತಾರಾ ಡೀಲಕ್ಸ್‌ವರೆಗಿನ ಈ ಮಾನ್ಯತೆಗೆ 5 ವರ್ಷದ ಅವಧಿ ಇದೆ. ಹೋಟೆಲು ತಾನಾಗಿ ಅರ್ಜಿ ಹಾಕಿದರೆ ಮಾತ್ರ ತಪಾಸಣೆ, ಕಡ್ಡಾಯವೇನಲ್ಲ. ಹಾಗಾಗಿ ನಕ್ಷತ್ರವಿಲ್ಲದ ಒಳ್ಳೆಯ ಹೋಟೆಲೂ ಇರುತ್ತದೆ. ಆ್ಯಪ್‌ನಲ್ಲಿ 4.2 ಎಂದು ಕಾಣುವುದು ತಂಗಿ ಹೋದವರು ಕೊಟ್ಟ ಅಂಕಗಳ ಸರಾಸರಿ. ಒಂದು ಸಣ್ಣ ಲಾಡ್ಜಿನ 4.2ಕ್ಕೂ ವಾಶಿಯ ಫೋರ್ ಪಾಯಿಂಟ್ಸ್ ಬೈ ಶೆರಟನ್‌ನ 4.2ಕ್ಕೂ ಹೋಲಿಕೆ ಸಲ್ಲದು, ಏಕೆಂದರೆ ಅಂಕ ಕೊಟ್ಟವರ ನಿರೀಕ್ಷೆಗಳೇ ಬೇರೆ.

ಅಗ್ಗದ ಕೋಣೆಯ ಮಟ್ಟಿಗೆ ಅಂಕಕ್ಕಿಂತ ಉಪಯುಕ್ತವಾದದ್ದು ಕೆಲವು ನೇರ ಪ್ರಶ್ನೆಗಳು: ಬಿಸಿನೀರು ದಿನವಿಡೀ ಬರುತ್ತದೆಯೇ, ಬೆಳಗಿನ ಎರಡು ಗಂಟೆ ಮಾತ್ರವೇ? ಲಿಫ್ಟ್ ಇದೆಯೇ? ಕಿಟಕಿ ಹೊರಕ್ಕೆ ತೆರೆಯುತ್ತದೆಯೇ? ಕೆಳಗೆ ಬಾರ್ ಇದೆಯೇ? ತಂಗಿದವರ ಇತ್ತೀಚಿನ ಅನಿಸಿಕೆಗಳನ್ನು ಓದಿದರೆ, ಒಂದು ಫೋನ್ ಕರೆ ಮಾಡಿದರೆ ಇವಕ್ಕೆ ಉತ್ತರ ಸಿಗುತ್ತದೆ.

ತಪ್ಪು ಕಲ್ಪನೆ 5: ತೋರಿಸಿದ ದರವೇ ಕೊಡಬೇಕಾದ ಮೊತ್ತ

ಸತ್ಯ: ಹಲವು ಕಡೆ ಮೊದಲು ಕಾಣುವ ದರದಲ್ಲಿ ತೆರಿಗೆ ಸೇರಿರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೋಣೆಗೆ ಜಿಎಸ್‌ಟಿ ಶೇ. 5, ಅದಕ್ಕೂ ಮೊದಲು ಶೇ. 12 ಇತ್ತು. 7,500 ದಾಟಿದರೆ ಶೇ. 18. ಈ ಗೆರೆಯ ಆಚೀಚೆ ಆಗುವ ವ್ಯತ್ಯಾಸ ದೊಡ್ಡದು. 7,500 ರೂ. ಕೋಣೆಗೆ ತೆರಿಗೆ 375 ರೂ., ಒಟ್ಟು 7,875. 7,600 ರೂ. ಕೋಣೆಗೆ ತೆರಿಗೆ 1,368 ರೂ., ಒಟ್ಟು 8,968. ದರದಲ್ಲಿ ಇದ್ದ 100 ರೂ. ಅಂತರ ಬಿಲ್ಲಿನಲ್ಲಿ 1,093 ಆಗುತ್ತದೆ. ವಾಶಿ, ಬೇಲಾಪುರ, ಥಾಣೆಯ ಮೇಲ್ದರ್ಜೆಯ ಹೋಟೆಲುಗಳನ್ನು ಹೋಲಿಸುವವರು ಈ ಗೆರೆಯನ್ನು ಗಮನಿಸಲೇಬೇಕು. ಇನ್ನೊಂದು ಹಳೆಯ ನಂಬಿಕೆಯೂ ಉಳಿದುಕೊಂಡಿದೆ: ಸಾವಿರ ರೂಪಾಯಿ ಒಳಗಿನ ಕೋಣೆಗೆ ತೆರಿಗೆಯಿಲ್ಲ ಎಂಬುದು. ಆ ವಿನಾಯಿತಿ 2022ರ ಜುಲೈ 18ಕ್ಕೇ ಮುಗಿಯಿತು.

ಊಟದ ಬಿಲ್ಲಿಗೆ ಸೇರಿಸುವ ಸೇವಾ ಶುಲ್ಕ ತೆರಿಗೆಯಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂಬ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಬೆಳಗಿನ ತಿಂಡಿ, ಹೆಚ್ಚುವರಿ ಹಾಸಿಗೆ, ಮಕ್ಕಳ ವಯಸ್ಸಿನ ಮಿತಿ, ಇವು ಹೋಟೆಲಿನಿಂದ ಹೋಟೆಲಿಗೆ ಬೇರೆ; ಇವನ್ನೆಲ್ಲ ಸೇರಿಸಿದ ಮೇಲೆಯೇ ಎರಡು ದರಗಳನ್ನು ಹೋಲಿಸಬೇಕು.

ತಪ್ಪು ಕಲ್ಪನೆ 6: ಒಂದು ದಿನದ ಬಾಡಿಗೆ ಎಂದರೆ 24 ಗಂಟೆ

ಸತ್ಯ: ನಿಲ್ದಾಣದ ಬಳಿಯ ಕೆಲವು ಲಾಡ್ಜುಗಳು ಮಾತ್ರ ಒಳಬಂದ ಗಳಿಗೆಯಿಂದ 24 ಗಂಟೆ ಎಣಿಸುತ್ತವೆ. ಉಳಿದವು ಮಧ್ಯಾಹ್ನದ ಹೊತ್ತಿಗೆ ಕೋಣೆ ಕೊಟ್ಟು ಮರುದಿನ 10, 11 ಅಥವಾ 12 ಗಂಟೆಗೆ ಬಿಡಿಸುತ್ತವೆ. ಮತ್ಸ್ಯಗಂಧಾದಲ್ಲಿ ಬೆಳಗಿನ ಜಾವ ಥಾಣೆಯಲ್ಲಿ ಇಳಿದವರಿಗೆ ಈ ವ್ಯತ್ಯಾಸ ಚೆನ್ನಾಗಿ ತಟ್ಟುತ್ತದೆ: ಒಂದೋ ಮಧ್ಯಾಹ್ನದವರೆಗೆ ಕಾಯಬೇಕು, ಇಲ್ಲವೇ ಹೆಚ್ಚುವರಿ ಹಣ ಕೊಡಬೇಕು. ಅಂಥವರಿಗೆ 24 ಗಂಟೆ ಲೆಕ್ಕದ ಸಾದಾ ಲಾಡ್ಜ್ ಎಷ್ಟೋ ಸಲ ಸ್ಟಾರ್ ಹೋಟೆಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸ್ನಾನ ಮಾಡಿ ನಾಲ್ಕಾರು ಗಂಟೆ ಮಲಗಿದರೆ ಸಾಕು ಎನ್ನುವವರಿಗೆ ದೊಡ್ಡ ನಿಲ್ದಾಣಗಳ ರಿಟೈರಿಂಗ್ ರೂಮ್ ಇನ್ನೊಂದು ದಾರಿ. ಐಆರ್‌ಸಿಟಿಸಿ ಮೂಲಕ ಕಾಯ್ದಿರಿಸುವ ಈ ಕೋಣೆಗಳಿಗೆ ಪ್ರಯಾಣದ ಟಿಕೆಟಿನ ಪಿಎನ್‌ಆರ್ ಬೇಕು.

ತಪ್ಪು ಕಲ್ಪನೆ 7: ಆಧಾರ್ ಇಲ್ಲದೆ ಕೋಣೆ ಸಿಗದು, ಮದುವೆಯಾಗದ ಜೋಡಿಗೆ ಕೋಣೆ ಕೊಡುವುದು ಕಾನೂನುಬಾಹಿರ

ಸತ್ಯ: ಬೇಕಾದದ್ದು ಭಾವಚಿತ್ರ ಮತ್ತು ವಿಳಾಸವಿರುವ ಗುರುತಿನ ಚೀಟಿ. ಮತದಾರರ ಚೀಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟ್ ಕೂಡ ನಡೆಯುತ್ತವೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲದ್ದರಿಂದ ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆಧಾರ್ ಕೊಡುವವರು ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಯುಐಡಿಎಐ ಜಾಲತಾಣದಿಂದ ಪಡೆಯಬಹುದು.

ವಯಸ್ಕರಿಬ್ಬರು ಮದುವೆಯಾಗದೆ ಒಂದೇ ಕೋಣೆಯಲ್ಲಿ ತಂಗುವುದನ್ನು ಯಾವ ಕಾನೂನೂ ನಿಷೇಧಿಸಿಲ್ಲ. ಮದ್ರಾಸ್ ಹೈಕೋರ್ಟ್ 2019ರಲ್ಲಿ ಕೊಯಮತ್ತೂರಿನ ಪ್ರಕರಣವೊಂದರಲ್ಲಿ ಇದನ್ನೇ ಹೇಳಿತು. ನಿರಾಕರಿಸುವುದು ಆಯಾ ಹೋಟೆಲಿನ ಸ್ವಂತ ನಿಯಮ. ಅದೇ ಸುತ್ತಲಿನ ವಿಳಾಸವಿರುವವರಿಗೆ ಕೋಣೆ ಕೊಡದ ‘ಲೋಕಲ್ ಐಡಿ’ ನಿರಾಕರಣೆಯೂ ಅಂಥದ್ದೇ. ಊರಿಂದ ಬಂದ ತಂದೆತಾಯಿಯ ಜತೆ ಡೊಂಬಿವಲಿ ವಿಳಾಸದ ಮಗನೂ ಕಲ್ಯಾಣ್ ಲಾಡ್ಜಿನಲ್ಲಿ ಉಳಿಯಬೇಕಿದ್ದರೆ ಇದನ್ನು ಮುಂಚಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು. ವಿದೇಶಿ ಪಾಸ್‌ಪೋರ್ಟ್ ಇರುವ ಅತಿಥಿಯ ವಿವರವನ್ನು ಹೋಟೆಲು 24 ಗಂಟೆಯೊಳಗೆ ಅಧಿಕಾರಿಗಳಿಗೆ ಸಲ್ಲಿಸಬೇಕು. ಆ ವ್ಯವಸ್ಥೆ ಮಾಡಿಕೊಳ್ಳದ ಸಣ್ಣ ಲಾಡ್ಜುಗಳು ಅಮೆರಿಕದಿಂದ ಬಂದ ಕನ್ನಡಿಗ ನೆಂಟರನ್ನೂ ವಾಪಸು ಕಳಿಸಬಹುದು.

ತಪ್ಪು ಕಲ್ಪನೆ 8: ಉಡುಪಿ ಹೋಟೆಲ್ ಇದ್ದಲ್ಲಿ ಕೋಣೆಯೂ ಇರುತ್ತದೆ

ಸತ್ಯ: ಈ ಪ್ರದೇಶದ ನಿಲ್ದಾಣಗಳ ಸುತ್ತ ಕರಾವಳಿಯವರು ನಡೆಸುವ ಉಪಾಹಾರ ಗೃಹಗಳು ಹಲವು, ಅವುಗಳಲ್ಲಿ ಹೆಚ್ಚಿನವು ಊಟ–ತಿಂಡಿಗೆ ಮಾತ್ರ. ಕೋಣೆ ಬೇಕಾದವರು ‘ಲಾಡ್ಜಿಂಗ್’ ಎಂಬ ಫಲಕ ನೋಡಬೇಕು. ‘ಪರ್ಮಿಟ್ ರೂಮ್’ ಎಂಬ ಫಲಕ ಕಂಡು ಕೋಣೆ ಕೇಳುವುದು ವ್ಯರ್ಥ: ಅದು ಮದ್ಯ ಬಡಿಸಲು ಪರವಾನಗಿ ಪಡೆದ ಜಾಗ. ಕೋಣೆ ಇಲ್ಲದಿದ್ದರೂ ಇಂಥ ಹೋಟೆಲು ಹತ್ತಿರವಿರುವುದು ಸಸ್ಯಾಹಾರಿ ಕುಟುಂಬಕ್ಕೆ ದೊಡ್ಡ ಅನುಕೂಲ. ಲಾಡ್ಜಿನಲ್ಲಿ ಅಡುಗೆ ಇಲ್ಲ ಎಂಬ ಕೊರತೆ ನೀಗುತ್ತದೆ.

ತಪ್ಪು ಕಲ್ಪನೆ 9: ಮಳೆಗಾಲದಲ್ಲಿ, ಹಬ್ಬವಿಲ್ಲದ ದಿನಗಳಲ್ಲಿ ಕೋಣೆ ಅಗ್ಗ

ಸತ್ಯ: ದರ ಏರುವುದು ಕ್ಯಾಲೆಂಡರಿನ ಹಬ್ಬಗಳಿಗೆ ಮಾತ್ರ ಅಲ್ಲ. 2025ರ ಜನವರಿ 18, 19 ಮತ್ತು 21ರಂದು ನೆರೂಲ್‌ನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ಸಂಗೀತ ಕಾರ್ಯಕ್ರಮ ನಡೆದಾಗ ನವಿ ಮುಂಬಯಿಯ ಕೋಣೆಗಳ ಬೆಲೆ ಗಗನಕ್ಕೇರಿತು. ಅದೇ ವರ್ಷದ ನವೆಂಬರ್ 2ರಂದು ಮಹಿಳಾ ವಿಶ್ವಕಪ್ ಕ್ರಿಕೆಟ್‌ನ ಫೈನಲ್ ನಡೆದದ್ದೂ ಅಲ್ಲಿಯೇ. ಇಂಥ ದಿನಗಳಲ್ಲಿ ಬೇರೆ ಕೆಲಸಕ್ಕೆ ಬಂದವರು ಥಾಣೆಯಲ್ಲಿ ಕೋಣೆ ಹಿಡಿದು ಟ್ರಾನ್ಸ್‌ಹಾರ್ಬರ್ ಲೋಕಲ್‌ನಲ್ಲಿ ಓಡಾಡಬಹುದು.

ಮಳೆಗಾಲದಲ್ಲಿ ವ್ಯಾಪಾರಿ ಹೋಟೆಲುಗಳಿಗೆ ಬೇಡಿಕೆ ತಗ್ಗಿದರೂ ಹಸಿರು ನೋಡಲು ಬರುವವರಿಂದ ವಾರಾಂತ್ಯದಲ್ಲಿ ರಿಸಾರ್ಟುಗಳು ತುಂಬುತ್ತವೆ. ಟಿಟ್ವಾಳಾ ಕಾಳೂ ನದಿಯ ದಂಡೆಯ ಊರು. ಕಲ್ಯಾಣ್ ಸುತ್ತ ಉಲ್ಹಾಸ್ ನದಿ ಹರಿಯುತ್ತದೆ. 2019ರ ಜುಲೈ 27ರಂದು ಉಲ್ಹಾಸ್‌ನ ನೆರೆಯಲ್ಲಿ ಬದಲಾಪುರ ಮತ್ತು ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಿಕ್ಕಿಬಿದ್ದಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನದಿದಂಡೆಯ ಕೋಣೆಗಿಂತ ನಿಲ್ದಾಣದ ಬಳಿಯ ಕೋಣೆ, ಹಣ ಮರಳಿ ಸಿಗದ ಅಗ್ಗದ ಬುಕಿಂಗ್‌ಗಿಂತ ರದ್ದು ಮಾಡಬಹುದಾದ ಬುಕಿಂಗ್ ಕ್ಷೇಮ.

ತಪ್ಪು ಕಲ್ಪನೆ 10: ಹೆಚ್ಚು ಬೆಲೆಯ ಹೋಟೆಲು ಎಲ್ಲರಿಗೂ ಒಳ್ಳೆಯದು

ಸತ್ಯ: ಯಾವುದು ಒಳ್ಳೆಯದು ಎಂಬುದು ಬಂದ ಕೆಲಸದ ಮೇಲೆ ನಿಲ್ಲುತ್ತದೆ. ದರ್ಶನಕ್ಕೆ ಬಂದ, ಬಜೆಟ್ ಬಿಗಿಯಾಗಿರುವ ಕುಟುಂಬಕ್ಕೆ ಕಲ್ಯಾಣ್ ನಿಲ್ದಾಣದಿಂದ ನಡೆದು ಹೋಗುವ ದೂರದ ಶುಚಿಯಾದ ಲಾಡ್ಜ್ ಸಾಕು. ನೆಂಟರ ಮನೆಗೆ, ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದ ಸಮಾರಂಭಕ್ಕೆ ಡೊಂಬಿವಲಿಗೆ ಬರುವವರು ಅಲ್ಲಿ ಆಯ್ಕೆ ಕಡಿಮೆ ಎನಿಸಿದರೆ ಕಲ್ಯಾಣ್ ಅಥವಾ ಥಾಣೆ ನೋಡಬಹುದು. ಮೂರೂ ಒಂದೇ ಮಾರ್ಗದಲ್ಲಿವೆ. ನವಿ ಮುಂಬಯಿಯ ಮಹಾಪೆ, ಐರೋಳಿಯ ಕಂಪನಿಗಳಿಗೆ ಕೆಲಸದ ಮೇಲೆ ಬರುವವರಿಗೆ ತುರ್ಭೆಯ ಐಬಿಸ್‌ನಂಥ ಮಧ್ಯಮ ದರ್ಜೆಯ ಹೋಟೆಲು ಅನುಕೂಲ. ಸಭೆ, ಔತಣ, ಈಜುಕೊಳ ಎಲ್ಲ ಒಂದೇ ಕಡೆ ಬೇಕೆನ್ನುವವರಿಗೆ ಬೇಲಾಪುರದ ದ ಪಾರ್ಕ್‌ನಂಥವು ಇವೆ.

ಖಾರ್‌ಘರ್‌ನ ಟಾಟಾ ಕೇಂದ್ರಕ್ಕೆ ರೋಗಿಯೊಂದಿಗೆ ಬಂದು ವಾರಗಟ್ಟಲೆ ಇರಬೇಕಾದವರಿಗೆ ದಿನಬಾಡಿಗೆಯ ಹೋಟೆಲು ಹೊರೆ. ಅಡುಗೆಮನೆಯಿರುವ, ವಾರ ಅಥವಾ ತಿಂಗಳ ಲೆಕ್ಕದ ಮನೆಯೇ ಅವರಿಗೆ ಸರಿ. ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ವಿಚಾರಿಸಿದರೆ ಮಾಹಿತಿ ಸಿಗುತ್ತದೆ. 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾದ ನವಿ ಮುಂಬಯಿ ವಿಮಾನ ನಿಲ್ದಾಣದ ಮೂಲಕ ಬರುವವರಿಗೆ ಪನ್‌ವೇಲ್, ಬೇಲಾಪುರ ಹತ್ತಿರ. ಹಳೆಯ ಮುಂಬಯಿ ವಿಮಾನ ನಿಲ್ದಾಣಕ್ಕೆ ಹೋಗಬೇಕಾದವರಿಗೆ ಥಾಣೆ ಮೇಲು. ಟಿಕೆಟಿನಲ್ಲಿ ಯಾವ ವಿಮಾನ ನಿಲ್ದಾಣದ ಹೆಸರಿದೆ ಎಂದು ನೋಡಿಕೊಂಡ ಮೇಲೆಯೇ ಕೋಣೆ ಕಾಯ್ದಿರಿಸಬೇಕು.